ಬೇಳೆ ಬೇಯುವ ಊರು

ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು. ಹಾಜರಿ ಕರೆಯುವಾಗ ಒಬ್ಬನ ಹೆಸರಿಗೆ ಇನ್ನೊಬ್ಬ ಓಗೊಟ್ಟರೆ ನಾನು ಎಂದೂ ಹಿಡಿಯುತ್ತಿರಲಿಲ್ಲ. ಮಾಸ್ತರರಿಗೆ ಕಿವಿ ಮಂದ ಎಂದು ಹುಡುಗರು ಖುಷಿಪಟ್ಟರು. ಪ್ರಿನ್ಸಿಪಾಲರು ಎರಡು ಸಲ ಕರೆಸಿ ಬೈದರು. ನನ್ನ ಕಿವಿ ಈಗಲೂ ಚೆನ್ನಾಗಿಯೇ ಇದೆ. ಕಾರಣ ಹೇಳಬೇಕೆಂದರೆ ನಮ್ಮ ಅಪ್ಪ ಮತ್ತು ಯಾಡಿ ನನಗೊಂದು ಕಾಲೇಜು ಹುಡುಕಿದ ಕತೆ ಹೇಳಬೇಕಾಗುತ್ತದೆ. ಯಾಡಿ ಎಂದರೆ ನಮ್ಮ ಲಂಬಾಣಿ ಮಾತಿನಲ್ಲಿ ತಾಯಿ. ಮನೆಯಲ್ಲಿ ಆಡುತ್ತಿದ್ದ ಮಾತನ್ನೆಲ್ಲ ಇಲ್ಲಿ ಹಳಿಯಾಳದ ಕಡೆಯ ಕನ್ನಡದಲ್ಲೇ ಬರೆದಿದ್ದೇನೆ.

ಅದು ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿ. ಹಳಿಯಾಳದಿಂದ ಎರಡು ಹರದಾರಿ ದೂರದ ನಮ್ಮ ತಾಂಡಾದಲ್ಲಿ ಮ್ಯಾಟ್ರಿಕ್ ಪಾಸಾದವನು ನಾನೊಬ್ಬನೇ, ಡಾಕಪ್ಪ. ಪಾಸಾದ ಸುದ್ದಿ ಹೊತ್ತು ತಾಂಡಾದವರೆಗೆ ನಡೆದು ಬಂದವರು ಹೈಸ್ಕೂಲಿನ ಅಡಿವೆಯ್ಯ ಮಾಸ್ತರರು. ನನಗಿಂತ ಅವರೇ ಹೆಚ್ಚು ಹಿಗ್ಗಿದ್ದರು.

"ಸೋಮಲಪ್ಪ, ಮಗನ್ನ ಕಾಲೇಜಿಗೆ ಹಾಕು," ಎಂದರು ಅಪ್ಪನಿಗೆ. "ಸ್ಕಾಲರ್‌ಶಿಪ್ ಅರ್ಜಿ ನಾ ಬರದ ಕೊಡತೇನಿ. ಧಾರವಾಡ ಐತಿ, ಬೆಳಗಾವಿ ಐತಿ, ಪುಣೆ ಐತಿ. ಯಾವದರೆ ಒಂದು ಆರಿಸ್ಕೊಳ್ರಿ. ಯೂನಿವರ್ಸಿಟಿ ಮಾತ್ರ ಮುಂಬಯಿದು."

"ಹಂಗಂದ್ರ ಧಾರವಾಡದಾಗ ಕಲತ್ರೂ ಮುಂಬಯಿಗೆ ಹೋಗಬೇಕೇನ್ರಿ?"

"ಹೋಗೂದಿಲ್ಲೋ. ಇಲ್ಲೇ ಪರೀಕ್ಷಾ ಬರಿಯೂದು. ಬರದ ಕಾಗದ ಮುಂಬಯಿಗೆ ಹೋಗತಾವ."

"ಹಂಗಾದ್ರ ಮುಂಬಯಿ ನೀರು ನೋಡೂದು ಬ್ಯಾಡ ಬಿಡ್ರಿ," ಎಂದ ಅಪ್ಪ. "ಕಾಗದ ನೀರು ಕುಡಿಯಂಗಿಲ್ಲ."

ಮಾಸ್ತರರು ನನ್ನ ಮುಖ ನೋಡಿದರು. ನಾನು ಗುಡಿಸಲ ಮೇಲಿನ ಹುಲ್ಲು ನೋಡಿದೆ.

ನಮ್ಮ ಹಿರಿಯರು ಎತ್ತಿನ ಬೆನ್ನ ಮೇಲೆ ಉಪ್ಪು ಹೇರಿಕೊಂಡು ಜೋಯಿಡಾದ ಘಟ್ಟ ಹತ್ತುತ್ತಿದ್ದವರು. ಅಜ್ಜನ ಕಾಲಕ್ಕೇ ಆ ವ್ಯಾಪಾರ ಕೈಬಿಟ್ಟು ಒಂದೆಡೆ ನೆಲೆ ನಿಂತಿದ್ದೆವು. ಆದರೆ ಊರು ನೋಡುವ ಪದ್ಧತಿ ಅಪ್ಪನಿಗೆ ಮರೆತಿರಲಿಲ್ಲ. ಬೀಡು ಬಿಡುವ ಮೊದಲು ಒಬ್ಬ ಎತ್ತು ಹೊಡೆದುಕೊಂಡು ಮುಂದೆ ಹೋಗಬೇಕು. ನೆಲವನ್ನು ಗೇಣುದ್ದ ಅಗೆದು ಮಳೆನೀರು ಇಂಗುತ್ತದೋ ನಿಲ್ಲುತ್ತದೋ ನೋಡಬೇಕು. ಎತ್ತನ್ನು ಬಿಟ್ಟು ಅದು ತಾನಾಗಿ ಮಲಗುತ್ತದೋ ಇಲ್ಲವೋ ನೋಡಬೇಕು. ಕಡೆಗೆ ಅಲ್ಲಿಯ ನೀರಿನಲ್ಲಿ ತೊಗರಿ ಬೇಳೆ ಬೇಯಿಸಿ ನೋಡಬೇಕು. ಬೇಳೆ ಬೇಯದ ಊರಿನಲ್ಲಿ ನಮ್ಮವರು ಒಲೆ ಹೂಡುವುದಿಲ್ಲ.

ಅಪ್ಪ ಕೆಂದೆತ್ತು ಹೊಡೆದುಕೊಂಡು ಬೆಳಗಾವಿಗೂ ಧಾರವಾಡಕ್ಕೂ ಹೋಗಿ ಹತ್ತನೆಯ ದಿನ ಬಂದ. ಎತ್ತಿನ ಎರಡೂ ಪಕ್ಕೆಗೆ ಬಾಯಿ ಕಟ್ಟಿದ ಒಂದೊಂದು ಗಡಿಗೆ. ಒಂದರಲ್ಲಿ ಬೆಳಗಾವಿಯ ನೀರು, ಇನ್ನೊಂದರಲ್ಲಿ ಧಾರವಾಡದ್ದು. ಯಾವ ತಂದೆಯೂ ಕಾಲೇಜಿನಿಂದ ಇಷ್ಟು ಭಾರದ ಮಾಹಿತಿ ಹೊತ್ತು ತಂದಿರಲಿಕ್ಕಿಲ್ಲ.

"ಬೆಳಗಾವಿ ಮಣ್ಣು ಚೊಲೋ ಐತಿ," ಎಂದು ಯಾಡಿಗೆ ವರದಿ ಒಪ್ಪಿಸಿದ. "ಆದ್ರ ಫೂಲೀ, ಅಲ್ಲಿ ಸೋಜರ ದಂಡು ಐತಿ. ತಾಸಿಗೊಮ್ಮೆ ತುತ್ತೂರಿ ಊದತಾರ. ಎತ್ತು ಒಂದು ದಿನ ಪೂರಾ ನಿಂತ ಇತ್ತು, ನೆಲಕ್ಕ ಮೈ ಹಚ್ಚಲಿಲ್ಲ."

"ಧಾರವಾಡದಾಗ?"

"ಕಾಲೇಜು ಗುಡ್ಡದ ಮ್ಯಾಲೈತಿ. ಗುಡ್ಡದ ಬುಡಕ್ಕ ಒಂದು ಬೀಳು ಹೊಲ. ಎತ್ತು ಹೋದದ್ದ ತಡ, ಮಲಕೊಂಡ ಬಿಡ್ತು. ನಾನೂ ಮಲಕೊಂಡೆ."

ಯಾಡಿ ಎರಡು ಒಲೆ ಹೂಡಿ ಎರಡರ ಮೇಲೂ ಬೇಳೆ ಇಟ್ಟಳು. ಪುಣೆಯ ಬೇಳೆ ಬೇಯಿಸಲು ಪುಣೆಯ ನೀರು ಇರಲಿಲ್ಲ. ನಾನು ಪುಣೆಯ ಪರ. ಅಲ್ಲಿ ಇಂಗ್ಲಿಷ್ ಚೆನ್ನಾಗಿ ಕಲಿಸುತ್ತಾರೆ ಎಂದೆ. ನಿಜವಾದ ಕಾರಣ ಬೇರೆ ಇತ್ತು, ಅದನ್ನು ಈಗ ಹೇಳುವುದಕ್ಕೆ ನಾಚಿಕೆಯಿಲ್ಲ, ಏಕೆಂದರೆ ನಾಚಿಕೆ ಪಡಬೇಕಾದ ಕಾಲದಲ್ಲಿ ಪಡಲಿಲ್ಲ. ನಾನು ತಾಂಡಾದವನೆಂದು ಯಾರೂ ಗುರುತಿಸದ ಒಂದು ಊರು ನನಗೆ ಬೇಕಾಗಿತ್ತು. ಹಳಿಯಾಳದ ಶಾಲೆಯಲ್ಲಿ ಏಳು ವರ್ಷ ನಾನು 'ಲಂಬಾಣ್ಯಾ' ಆಗಿದ್ದೆ. ಇನ್ನು ಸಾಕಾಗಿತ್ತು.

ಅವತ್ತು ಅರ್ಜಿ ಬರೆಯಲು ಬಂದಿದ್ದ ಮಾಸ್ತರರೂ ಪುಣೆಯನ್ನೇ ಹೊಗಳಿದರು. ತಾವು ಅಲ್ಲೇ ಓದಿದವರು. ಅಲ್ಲಿಯ ಪ್ರೊಫೆಸರರೇನು, ಲೈಬ್ರರಿಯೇನು, ಭಾಷಣಗಳೇನು ಎಂದು ಅರ್ಧ ತಾಸು ಹೇಳಿದರು. ಯಾಡಿ ಒಲೆ ಊದುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಮಾಸ್ತರ, ನೀವು ನಾಕು ವರ್ಷ ಅಲ್ಲೇ ಉಂಡವರು. ಅಲ್ಲಿ ಬ್ಯಾಳಿ ಹೆಂಗ ಬೇಯತಿತ್ರಿ?"

ಅಡಿವೆಯ್ಯ ಮಾಸ್ತರರು ಸುಳ್ಳು ಹೇಳುವವರಲ್ಲ. "ಖಾನಾವಳಿ ಊಟ ನಮ್ದು, ಫೂಲಿಬಾಯಿ. ನಾಕು ವರ್ಷ ಸಾರಿನಾಗ ಬ್ಯಾಳಿ ಹುಡಕೀನಿ, ಸಿಗಲಿಲ್ಲ," ಎಂದರು.

ಪುಣೆ ಅಲ್ಲಿಗೆ ಮುಗಿಯಿತು. ಬೆಳಗಾವಿಯ ಬೇಳೆ ಹಣ್ಣಾಗದೆ ಕಾಳು ಕಾಳಾಗಿ ಉಳಿಯಿತು. ಧಾರವಾಡದ್ದು ಕರಗಿ ಬೆಣ್ಣೆಯಾಯಿತು. ಯಾಡಿ ಅದಕ್ಕೆ ಉಪ್ಪು ಖಾರ ಹಾಕಿ ಮಾಸ್ತರರಿಗೂ ಒಂದು ಬಟ್ಟಲು ಕೊಟ್ಟಳು. ಅವರು ಎರಡನೆಯ ಬಟ್ಟಲು ಕೇಳಿ ಹಾಕಿಸಿಕೊಂಡು, ಅಲ್ಲೇ ಕೂತು ಧಾರವಾಡಕ್ಕೆ ಅರ್ಜಿ ಬರೆದರು.

ಮೂರು ಊರುಗಳಲ್ಲಿ ಧಾರವಾಡವೇ ನಮಗೆ ತೀರ ಹತ್ತಿರ. ನನಗೆ ಸಿಟ್ಟು ಬಂದಿತ್ತು. ಆದರೂ ಒಬ್ಬನೇ ಹೋಗುತ್ತೇನಲ್ಲ, ಗುರುತು ಹತ್ತದ ಹಾಗೆ ಇದ್ದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಹೊರಡುವ ದಿನ ಮುಂಜಾನೆ ಟ್ರಂಕು ಹಿಡಿದು ಹೊರಗೆ ಬಂದರೆ, ಕೆಂದೆತ್ತಿನ ಮೇಲೆ ಬೀಸುವ ಕಲ್ಲು ಕೂತಿತ್ತು. ಇನ್ನೊಂದು ಎತ್ತಿನ ಮೇಲೆ ಪಾತ್ರೆ, ಕೌದಿ. ಯಾಡಿ ಕನ್ನಡಿ ಹಚ್ಚಿದ ತನ್ನ ಹೊಸ ಲಂಗ ಉಟ್ಟು, ಮೊಳಕೈ ತನಕ ಬಳೆ ಏರಿಸಿ ಸಿದ್ಧಳಾಗಿದ್ದಳು.

"ಇದೇನು?" ಎಂದೆ.

"ಹೊಂಟೇವಿ," ಎಂದ ಅಪ್ಪ.

"ನೀವ್ಯಾಕ ಬರತೀರಿ? ಅಲ್ಲಿ ಹಾಸ್ಟೆಲ್ ಐತಿ. ನಾ ಒಬ್ಬನ ಇರಾಂವ."

ಅಪ್ಪನ ಮುಖ ಸಣ್ಣದಾಯಿತು. "ಒಬ್ಬನ? ಯಾಕೋ, ನೀ ಏನು ತಪ್ಪು ಮಾಡೀದಿ?"

ಆಗ ನನಗೆ ಹೊಳೆಯಿತು. ಊರು ನೋಡುವುದೆಂದರೆ ನಮ್ಮವರ ಲೆಕ್ಕದಲ್ಲಿ ಎಲ್ಲರೂ ಹೋಗಿ ಇರುವ ಊರು ನೋಡುವುದು. ಒಬ್ಬನನ್ನೇ ಒಂದು ಕಡೆ ಬಿಡುವುದು ತಾಂಡಾದಲ್ಲಿ ದೊಡ್ಡ ಶಿಕ್ಷೆ. ಬೀಡು ಕಿತ್ತು ಹೊರಡುವಾಗ ಮನೆಯ ಹಿರಿಯ ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕೂಗುತ್ತಾನೆ. ಹೆಸರಿನವರು 'ಹೋ' ಎನ್ನಬೇಕು. ಮಾತು ಬಾರದ ಕೂಸಿನ ಹೆಸರಿಗೆ ತಾಯಿ ಓಗೊಡುತ್ತಾಳೆ. ಮೂರು ಸಲ ಕರೆದರೂ ಓಗೊಡದವನನ್ನು ಬಿಟ್ಟು ನಡೆಯಬೇಕು, ಮತ್ತೆ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವ ಹಾಗಿಲ್ಲ. ಅವತ್ತೂ ಅಪ್ಪ ಕೂಗಿದ. ಯಾಡಿ 'ಹೋ' ಎಂದಳು, ನಾನೂ ಗೊಣಗಿಕೊಂಡೇ 'ಹೋ' ಎಂದೆ.

ಎತ್ತಿನ ಜೊತೆ ನಡೆದರೆ ಕಾಲೇಜು ಸೇರುವ ದಿನ ತಪ್ಪುತ್ತದೆ ಎಂಬ ನೆಪ ಹೇಳಿ ನಾನು ಬಸ್ಸು ಹತ್ತಿದೆ. ಅವರು ಬರುವ ಹೊತ್ತಿಗೆ ಹಾಸ್ಟೆಲಿನಲ್ಲಿ ನನ್ನ ಹೊಸ ಜನ್ಮ ಆಗಿಹೋಗಿತ್ತು. ಪಟ್ಟಿಯಲ್ಲಿ 'ಡಿ. ಸೋಮಲಪ್ಪ' ಎಂದು ಬರೆಸಿದ್ದೆ, ಹಾಗಾಗಿ ಎಲ್ಲರೂ ಸೋಮಲಪ್ಪ ಎಂದೇ ಕರೆಯುತ್ತಿದ್ದರು. ಅಪ್ಪನ ಹೆಸರನ್ನು ಇಟ್ಟುಕೊಂಡು ಅಪ್ಪನನ್ನು ಬಿಟ್ಟುಬಿಡುವುದು ಇಷ್ಟು ಸುಲಭ ಎಂದು ನನಗೇ ಗೊತ್ತಿರಲಿಲ್ಲ. ಕೋಣೆಯ ಜೊತೆಗಾರ ಶಿವಲಿಂಗಪ್ಪ ಮುಂಡಗೋಡದ ಕಡೆಯ ಸಾಹುಕಾರರ ಮಗ, ಒಳ್ಳೆಯ ಹುಡುಗ.

"ನಿಮ್ಮ ಮನ್ಯಾಗ ಏನು ಉದ್ಯೋಗ?" ಎಂದು ಕೇಳಿದ.

"ಉಪ್ಪಿನ ವ್ಯಾಪಾರ," ಎಂದೆ. ಮುತ್ತಜ್ಜನ ಕಾಲದ ನಿಜ ಅದು.

ಅಪ್ಪ ಗುಡ್ಡದ ಬುಡದ ಬೀಳು ಹೊಲದಲ್ಲಿ ಗುಡಿಸಲು ಹಾಕಿದ. ಎತ್ತಿನ ಗೊಬ್ಬರ ಹೊಲಕ್ಕೆ ಬೀಳುತ್ತದೆಂದು ಹೊಲದ ಯಜಮಾನ ಈಶಪ್ಪ ಖುಷಿಯಿಂದ ಒಪ್ಪಿದ್ದ. ನನ್ನ ಕಿಟಕಿಯಿಂದ ಆ ಗುಡಿಸಲ ಹೊಗೆ ಕಾಣುತ್ತಿತ್ತು. ಹಾಸ್ಟೆಲಿನ ನಿಯಮ ಬಹಳ ಬಿಗಿ, ಹೊರಗಿನವರು ಬರುವಂತಿಲ್ಲ, ರವಿವಾರ ಬಿಟ್ಟು ನಾನೂ ಹೊರಗೆ ಬರುವಂತಿಲ್ಲ ಎಂದು ಅವರಿಗೆ ಹೇಳಿದೆ. ಆ ನಿಯಮ ಮಾಡಿದವನು ನಾನೇ. ರವಿವಾರವೂ ಕತ್ತಲಾದ ಮೇಲೆ ಹೋಗಿ, ಉಂಡು, ಓಡಿ ಬರುತ್ತಿದ್ದೆ.

ಯಾಡಿ ಸುಮ್ಮನೆ ಕೂಡುವವಳಲ್ಲ. ಕಟ್ಟಿಗೆ ಹೊರೆ ಹೊತ್ತು ಮಾರಲು ತೊಡಗಿದಳು. ಒಂದು ಮುಂಜಾನೆ ನಾನೂ ಶಿವಲಿಂಗಪ್ಪನೂ ಹಾಸ್ಟೆಲಿನ ಅಡಿಗೆಮನೆಯ ಹಿಂದೆ ಹಲ್ಲುಜ್ಜುತ್ತ ನಿಂತಿದ್ದಾಗ, ಲಂಗದ ಕನ್ನಡಿಗಳು ಬಿಸಿಲಿಗೆ ಮಿರಮಿರ ಎನ್ನುತ್ತ ಹೊರೆಯ ಸಮೇತ ನೆಟ್ಟಗೆ ನಮ್ಮ ಕಡೆಗೇ ಬಂದಳು. ಅವಳ ಮುಖ ಅರಳಿತ್ತು. ನಾನು ತಲೆ ಬಗ್ಗಿಸಿ ತಂಬಿಗೆಯೊಳಗಿನ ನೀರು ನೋಡಿದೆ, ಅದರಲ್ಲಿ ಏನೋ ಬಿದ್ದಿದೆ ಎಂಬಂತೆ.

ಯಾಡಿ ತಲೆಯ ಮೇಲಿನ ಹೊರೆ ಸರಿಮಾಡಿಕೊಂಡಳು. ಆಮೇಲೆ, "ಸರೀರಿ ಸಾಹೇಬ್ರ, ಹೊರಿ ತಾಗೀತು," ಎಂದಳು.

ಅಂದಿನಿಂದ ನಾನು ಅವಳಿಗೆ ಸಾಹೇಬನಾದೆ. ವಾರಕ್ಕೆ ಎರಡು ಸಲ ಬರುತ್ತಿದ್ದಳು, ಒಂದು ಸಲವೂ ತಪ್ಪಿ ಬೇರೆ ಮಾತು ಆಡಲಿಲ್ಲ. ಈ ಹೆಂಗಸಿನ ಮರ್ಯಾದೆ ನೋಡಿ ಕಲಿಯಿರಿ ಎಂದು ಅಡಿಗೆಯವನು ಹುಡುಗರಿಗೆ ಬುದ್ಧಿ ಹೇಳುತ್ತಿದ್ದ. ರವಿವಾರ ಗುಡಿಸಲಿಗೆ ಹೋದಾಗಲೂ ಅವಳು ಆ ವಿಷಯ ಎತ್ತಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಬೇಳೆ ಬಡಿಸಿ, ಸಾಕೇನು ಎಂದಷ್ಟೇ ಕೇಳುತ್ತಿದ್ದಳು. ಬೇಳೆ ಬೆಣ್ಣೆಯ ಹಾಗೆಯೇ ಇರುತ್ತಿತ್ತು. ನಾನು ತಲೆ ಎತ್ತದೆ ಎರಡು ಸಲ ಹಾಕಿಸಿಕೊಳ್ಳುತ್ತಿದ್ದೆ.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಈಶಪ್ಪನಿಗೆ ಹೊಲ ಬೇಕಾಯಿತು. ಬೇರೆ ಕಡೆ ಜಾಗ ಸಿಗುತ್ತಿರಲಿಲ್ಲವೆಂದೇನಲ್ಲ. ಆದರೆ ಒಂದು ಬುಧವಾರ ಯಾಡಿ ಕಟ್ಟಿಗೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಚಹಾ ಕುಡಿಯುತ್ತಿದ್ದ ನಮ್ಮ ಹತ್ತಿರ ಬಂದಳು.

"ಸಾಹೇಬ್ರ, ಈ ಊರ ನೀರು ನಿಮಗ ಹಿಡಿಸೇತೇನ್ರಿ?"

ಎಲ್ಲರನ್ನೂ ಕೇಳಿದ ಹಾಗಿತ್ತು. ಶಿವಲಿಂಗಪ್ಪ ನಗುತ್ತ, "ಹಿಡಿಸೇತವಾ, ಯಾಕ?" ಎಂದ. ಅವಳು ನನ್ನ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಹಿಡಿಸೇತಿ," ಎಂದೆ ನಾನು.

"ಹಂಗಾದ್ರ ಚೊಲೋ ಆತು. ನಾಳೆ ಮುಂಜಾನೆ ನಾವು ಹೊಂಡತೇವ್ರಿ. ನನ್ನ ಮಗ ಇಲ್ಲೇ ಉಳಿಯಾಂವ, ಓದಾಕತ್ತಾನ. ಇಲ್ಲಿ ಒಬ್ಬನ ಇರೂದು ಶಿಕ್ಷಾ ಅಲ್ಲ, ಪದ್ಧತಿ ಅಂತ ಅವರಪ್ಪಗ ಹೇಳಿ ಒಪ್ಪಿಸೇನಿ. ಹೊಂಡೂ ಮುಂದ ಅವರಪ್ಪ ಹೆಸರು ಕೂಗತಾನ್ರಿ. ಮಗ ಎಲ್ಲಿದ್ರೂ ಹೋ ಅಂದ್ರ ಸಾಕು." ಇಷ್ಟು ಹೇಳಿ ಖಾಲಿ ಸಿಂಬೆ ತಲೆಗೆ ಇಟ್ಟುಕೊಂಡು ಹೋದಳು.

"ಲಂಬಾಣಿ ಹುಡುಗ ನಮ್ಮ ಕಾಲೇಜಿನ್ಯಾಗ? ಯಾರಿರಬೇಕು?" ಎಂದ ಶಿವಲಿಂಗಪ್ಪ.

"ಯಾರೋ," ಎಂದೆ.

ಮರುದಿನ ಮುಂಜಾನೆ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ನಾನು ಎದ್ದು ಕಿಟಕಿಯ ಹತ್ತಿರ ನಿಂತಿದ್ದೆ. ಕೆಳಗೆ ಎತ್ತಿನ ಮೇಲೆ ಬೀಸುವ ಕಲ್ಲು ಹೇರಿ ಆಗಿತ್ತು. ಓಗೊಡಬೇಕೆಂದೇ ನಾನು ಬೇಗ ಎದ್ದದ್ದು, ಇದನ್ನು ನಂಬುವವರು ನಂಬಲಿ. ಶಿವಲಿಂಗಪ್ಪ ದಿನಾ ಎಂಟು ಗಂಟೆಗೆ ಏಳುವವನು. ಅವತ್ತು ಏನು ಬಂದಿತ್ತೋ, ಎದ್ದು ಬಂದು ನನ್ನ ಪಕ್ಕದಲ್ಲೇ ನಿಂತು ಆಕಳಿಸಿದ.

"ಫೂಲೀ!" ಎಂದು ಅಪ್ಪನ ದನಿ ಬಂತು. "ಹೋ!" ಎಂದಳು ಯಾಡಿ.

"ಡಾಕಾ!"

ದನಿ ಗುಡ್ಡ ಏರಿ ಬಂದು ಕಿಟಕಿಯ ಸರಳಿಗೆ ತಾಗಿತು. ಶಿವಲಿಂಗಪ್ಪ ಬಗ್ಗಿ ನೋಡಿದ. "ಯಾರನ್ನ ಕರಿಯಾಕತ್ತಾನ ಆ ಮುದುಕ?"

"ಎತ್ತನ್ನ," ಎಂದೆ. "ತಪ್ಪಿಸಿಕೊಂಡಿರಬೇಕು."

"ಡಾಕಾ!"

ನನ್ನ ಬಾಯಿ ತೆರೆದೇ ಇತ್ತು. ಒಂದೇ ಅಕ್ಷರ ಬೇಕಾಗಿತ್ತು, ಅದೂ ಇಂಗ್ಲಿಷಿನದಲ್ಲ. ಅಡ್ಡ ಬಂದದ್ದು ಗುಡ್ಡವಲ್ಲ, ಮಂಜಲ್ಲ, ಪಕ್ಕದಲ್ಲಿ ಕಣ್ಣುಜ್ಜುತ್ತ ನಿಂತ ಒಬ್ಬ ಒಳ್ಳೆಯ ಹುಡುಗ.

ಮೂರನೆಯ ಸಲ ಕರೆಯುವ ಮುನ್ನ ಅಪ್ಪ ಗುಡ್ಡದ ಕಡೆಗೆ ಮುಖ ಎತ್ತಿದ. ಕರೆದಾಗ ಅವನ ದನಿ ಒಡೆದಿತ್ತು. "ಡಾಕಾ!"

ಆ ದನಿ ಮುಗಿಯುವುದರೊಳಗೆ ಕೆಳಗಿನಿಂದ ಇನ್ನೊಂದು ದನಿ ಎದ್ದಿತು. "ಹೋ!" ಎಂದಳು ಯಾಡಿ. ಮೀಸೆ ಬಂದ, ಇಂಗ್ಲಿಷ್ ಬಲ್ಲ, ಹದಿನೆಂಟು ವರ್ಷದ ಮಗನ ಹೆಸರಿಗೆ, ಮಾತು ಬಾರದ ಕೂಸಿನ ಹೆಸರಿಗೆ ಓಗೊಟ್ಟ ಹಾಗೆ ಓಗೊಟ್ಟಳು. ಎತ್ತಿನ ಗಂಟೆಗಳು ಅಲುಗಿದವು. ಇಬ್ಬರೂ ಹಳಿಯಾಳದ ದಾರಿ ಹಿಡಿದರು.

"ಎತ್ತು ಸಿಕ್ಕಿತು ಅನಸ್ತೈತಿ," ಎಂದ ಶಿವಲಿಂಗಪ್ಪ.

"ಹೂಂ," ಎಂದೆ, "ಸಿಕ್ಕಿತು."