ಅಪ್ಪೆಮಾವಿನ ಪಟ್ಟಿ ಮತ್ತು ವಾಗ್ದೇವಿ ಟೀಚರು

ಸಿಟ್ಟು ನೆತ್ತಿಗೇರಿತೆಂದರೆ ವಾಗ್ದೇವಿ ಟೀಚರ ಪಠ್ಯಪುಸ್ತಕದ ಕನ್ನಡ ಕಳಚಿಬಿದ್ದು, ಅಡಿಗೆಮನೆಯ ಹವ್ಯಕ ಮಾತು ಹೊರಗೆ ನುಗ್ಗುತ್ತಿತ್ತು. ಹೊಸನಗರದ ಆ ಪ್ರೌಢಶಾಲೆಯಲ್ಲಿ "ಎಂತ?" ಎಂಬ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ಜವಾನ ಕನ್ನಪ್ಪ ಗಂಟೆ ಹೊಡೆಯುವ ನೆಪದಲ್ಲಿ ಜಾಗ ಖಾಲಿ ಮಾಡುತ್ತಿದ್ದ. ಗಿಡ್ಡ ದೇಹ, ಸೇನಾಪತಿಯ ನಡಿಗೆ, ಸೀರೆಯ ಮೇಲೆ ಸಾಗರದ ದರ್ಜಿ ಹೊಲಿದ ಬಿಳಿ ಕೋಟು; ಕರ್ಣಕುಂಡಲದ ಗಿಡವನ್ನು ಕೆಂಪು ಶಾಯಿಯಲ್ಲಿ ನಿಲ್ಲಿಸಿ, ಬೇರು ಹೀರಿದ ನೀರು ದಂಟಿನೊಳಗೆ ಏರುವುದನ್ನು ಪ್ರತಿವರ್ಷ ತಾನೇ ಕಂಡುಹಿಡಿದಂತೆ ತೋರಿಸುತ್ತಿದ್ದುದರಿಂದ ಆ ಕೋಟು ಬಿಳಿಯಾಗಿ ಉಳಿದಿರಲಿಲ್ಲ. ಸಸ್ಯಶಾಸ್ತ್ರವೆಲ್ಲ ತಮ್ಮ ಖಾಸಾ ಆಸ್ತಿಯೆಂಬ ಗತ್ತು ಅವರಿಗಿದ್ದದ್ದು ನಿಜ.

ಎಪ್ಪತ್ತೆಂಟರ ಸ್ವಾತಂತ್ರ್ಯ ದಿನಕ್ಕೆ ಶಾಲಾ ಸಮಿತಿಯ ಅಧ್ಯಕ್ಷ ಮುಕುಂದಯ್ಯನವರು ಉಪ್ಪಿನಕಾಯಿ ಮಿಡಿಗೆ ಹೆಸರಾದ ಅಂಗಳದ ಅಪ್ಪೆಮಾವಿನ ಮರಕ್ಕೆ ಕಟ್ಟೆ ಕಟ್ಟಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಪುಣ್ಯ ಬರುತ್ತಿತ್ತು. ತಮ್ಮ ಹೆಸರು ಬರೆದ ತಗಡಿನ ಪಟ್ಟಿ ಬಿಗಿಯಾಗಿ ಕೂರಲೆಂದು ಕಾಂಡದ ಸುತ್ತ ಒಂದು ಗೇಣು ತೊಗಟೆಯನ್ನು ಕಟ್ಟಿಗೆ ಕಾಣುವವರೆಗೆ ಕೆತ್ತಿಸಿಬಿಟ್ಟರು.

ಟೀಚರು ಮರುದಿನವೇ ಅವರೆದುರು ನಿಂತರು. "ಅಧ್ಯಕ್ಷರೇ, ನೀರು ಒಳಗಿನ ಕಟ್ಟಿಗೆಯಲ್ಲಿ ಮೇಲೆ ಹೋಗ್ತದೆ. ಎಲೆ ಬೇಯಿಸಿದ ಅನ್ನ ತೊಗಟೆಯಲ್ಲಿ ಕೆಳಗಿಳೀಬೇಕು. ಆ ದಾರಿನೇ ಕಡಿದಿದ್ದೀರಿ, ಬೇರು ಉಪವಾಸ ಸಾಯ್ತದೆ. ಪಟ್ಟಿ ತೆಗೆಸಿ, ಅದೇ ಮರದ ಕಡ್ಡಿಗಳನ್ನ ಗಾಯದ ಮೇಲೆ ಸೇತುವೆ ಹಾಗೆ ಕಸಿ ಕಟ್ತೇನೆ."

"ನನ್ನ ಹೆಸರು ಕೀಳ್ಬೇಕಾ? ಎಲೆ ನೋಡ್ರಿ ಟೀಚರೇ, ನಿಮ್ಮ ಕೋಟಿಗಿಂತ ಚೆನ್ನಾಗಿದೆ!"

"ಎಂತ? ಎಲೆ ಹಸ್ರು ಇದ್ದು ಹೇಳಿ ಬೇರಿಗೆ ಹಸಿವು ಇಲ್ಯಾ?"

ಸಮಿತಿ ನಕ್ಕಿತು. ಹೆಡ್‌ಮಾಸ್ಟರು ಟೀಚರ ಕೈಗೆ ಮೆಮೊ ಕೊಟ್ಟರು: ಮರ ಮುಟ್ಟಕೂಡದು.

ಬೇಸಿಗೆಗೆ ಆ ಮರ ಎಂದೂ ಬಿಡದಷ್ಟು ಮಿಡಿ ಬಿಟ್ಟಿತು. ಕೆಳಗಿಳಿಯಲಾರದ ಅನ್ನ ಕೊಂಬೆಯಲ್ಲೇ ಕಾಯಾಗುತ್ತಿದೆಯೆಂದು ಟೀಚರು ಸಿಕ್ಕಸಿಕ್ಕವರಿಗೆ ಹೇಳಿದರು. "ಪಟ್ಟಿಯ ಗುಣ" ಎಂದು ಮುಕುಂದಯ್ಯನವರು ಮೀಸೆ ತೀಡಿದರು. ಉಪ್ಪಿನಕಾಯಿ ಭರಣಿಯ ಮುಂದೆ ಸಸ್ಯಶಾಸ್ತ್ರ ನಿಲ್ಲುತ್ತದೆಯೇ? ಕನ್ನಪ್ಪ ಪಾಲು ತಂದುಕೊಟ್ಟಾಗ ಟೀಚರು ಬುಟ್ಟಿ ಹಿಂದಕ್ಕೆ ತಳ್ಳಿದರು: "ಸಾಯ್ತಾ ಇರೋರ ಕೈಯಿಂದ ಕಿತ್ಕೊಂಡು ನಾನು ಉಣ್ಣೋದಿಲ್ಲ." ಆದರೂ ದಿನಾ ಬೆಳಿಗ್ಗೆ ಕಟ್ಟೆ ಹತ್ತಿ, ಪಟ್ಟಿಯ ಸಂದಿಯಲ್ಲಿ ಹೊಸ ತೊಗಟೆ ಕೂಡಿತೇನೋ ಎಂದು ಉಗುರಾಡಿಸಿ ನೋಡುತ್ತಿದ್ದರು.

ಮರುವರ್ಷದ ಮಳೆಗಾಲ ಕಳೆದರೂ ಚಿಗುರಿಲ್ಲ. ಒಣಗಿದ ಮರಕ್ಕೆ ಕೊಡಲಿ ಹಾಕಿಸುತ್ತ ಮುಕುಂದಯ್ಯನವರು, "ಮೊದ್ಲೇ ಯಾರಾದ್ರೂ ಹೇಳ್ಬಾರ್ದಿತ್ತಾ?" ಎಂದರು. ವಾಗ್ದೇವಿ ಟೀಚರು ಉರುಳಿದ ಕಾಂಡದ ಬಳಿ ಕೂತು, ಪಟ್ಟಿಯ ಸಂದಿಯಲ್ಲಿ ಮತ್ತೊಮ್ಮೆ ಉಗುರಾಡಿಸಿ ನೋಡಿದರು.

ಇಂಥವರಿಗೆ ಸಿಡುಕರೆಂದು ಹೆಸರಿಟ್ಟು ನಾವು ಹಾಯಾಗಿರುತ್ತೇವೆ. ಬೋಳು ಮರದ ಮುಂದೆ ಮರುಗಲು ಊರಿಗೆ ಊರೇ ನೆರೆಯುತ್ತದೆ. ಫಲ ತೂಗುವಾಗಲೇ ಕೂಗಾಡುವವರು ಒಬ್ಬರೋ ಇಬ್ಬರೋ. ತಮ್ಮ ಮಾತು ಸುಳ್ಳಾಗಲೆಂದು ಅವರಷ್ಟು ಹಂಬಲಿಸುವವರು ಬೇರೆ ಯಾರೂ ಇಲ್ಲ.