ಅಂಗಾತ ಒಂದು, ಬೋರಲು ಒಂದು

ಒದ್ದೆ ಹೊದಿಕೆಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಮಗಳು ಪುಟ್ಟಿಯ ಕೈಯಲ್ಲಿ. ಎದುರುಬದುರು ನಿಂತು ಹಿಂಡುತ್ತಿದ್ದಾಗ ಫೋನು ಬಂತು. ಸ್ಕ್ಯಾನಿಂಗ್ ಸೆಂಟರಿನವರು. ನಿಮ್ಮ ಮಾವನವರ ರಿಪೋರ್ಟ್ ಬಂದಿದೆ, ಡಾಕ್ಟರು ಅವರನ್ನು ಏನೋ ಕೇಳಬೇಕಂತೆ, ಕರೆದುಕೊಂಡು ಬನ್ನಿ ಎಂದರು. ನನ್ನ ಕೈ ಸಡಿಲಾಗಿ ಹೊದಿಕೆ ನೆಲಕ್ಕೆ ಬಿತ್ತು. ಪುಟ್ಟಿ ಅದನ್ನೆತ್ತಿ ಬಕೆಟ್ಟಿಗೆ ಹಾಕಿ, ನನಗಿಂತ ಮೊದಲೇ ಚಪ್ಪಲಿ ಮೆಟ್ಟಿಕೊಂಡಳು.

ಮಾವ ಪ್ಲಂಬರ್. ಜೀವಮಾನವಿಡೀ ಕಂಡವರ ಪೈಪುಗಳಲ್ಲಿ ಇಣುಕಿದವರು, ತಮ್ಮೊಳಗೆ ಇನ್ನೊಬ್ಬರು ಇಣುಕುವುದೆಂದರೆ ಮಾತ್ರ ಮೈಲಿ ದೂರ ಓಡುತ್ತಿದ್ದರು. ಅವರ ಅಣ್ಣ ತೀರಿಕೊಂಡದ್ದು ದೊಡ್ಡ ಕರುಳಿನ ಕ್ಯಾನ್ಸರಿನಿಂದ. ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ಒಡಹುಟ್ಟಿದವರಿಗೆ ಬಂದಿದೆ, ನೀವೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಮ್ಮ ಮಾಮೂಲಿ ಡಾಕ್ಟರು ಹೇಳುತ್ತಲೇ ಬಂದಿದ್ದರು. ಕ್ಯಾಮೆರಾ ಇರುವ ಉದ್ದನೆಯ ಕೊಳವೆಯ ಮಾತೆತ್ತಿದ ಕೂಡಲೇ ಮಾವ ಎದ್ದು ಮನೆಗೆ ಬಂದುಬಿಟ್ಟಿದ್ದರು. ಸಿ.ಟಿ. ಯಂತ್ರ ಹೊರಗಿನಿಂದಲೇ ಚಿತ್ರ ತೆಗೆಯುತ್ತದೆ, ಕರುಳಿಗೆ ಗಾಳಿ ತುಂಬುವ ಪುಟ್ಟ ನಳಿಕೆ ಬಿಟ್ಟರೆ ಇನ್ನೇನೂ ಒಳಗೆ ಹೋಗುವುದಿಲ್ಲ ಎಂದ ಮೇಲೆಯೇ ಜಗ್ಗಿದ್ದು.

"ಗಾಳಿ ತಾನೇ? ಲೀಕ್ ನೋಡೋಕೆ ನಾನೂ ಅದನ್ನೇ ಮಾಡೋದು," ಎಂದರು.

ಪರೀಕ್ಷೆಯ ಹಿಂದಿನ ದಿನ ಗಟ್ಟಿ ಆಹಾರ ಬಂದ್. ತಿಳಿ ಸಾರು, ಹಾಲಿಲ್ಲದ ಚಹಾ, ಹೊಟ್ಟೆ ತೊಳೆಯುವ ಔಷಧಿ. ಜೊತೆಗೆ, ಕರುಳಲ್ಲಿ ಉಳಿದ ಕಸವನ್ನು ಚಿತ್ರದಲ್ಲಿ ಬೆಳ್ಳಗೆ ತೋರಿಸುವ ಇನ್ನೊಂದು ಔಷಧಿ. ಅಂದು ಬಚ್ಚಲುಮನೆ ಮಾವನದೇ ಸ್ವತ್ತು. ನನ್ನ ಯಜಮಾನರು ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲ ಹೊರಗೆ ಕಾಲು ಬದಲಿಸುತ್ತ ನಿಂತಿದ್ದರೆ ಒಳಗಿನಿಂದ ದನಿ ಬಂತು: "ಮೇನ್ ಲೈನ್ ಕ್ಲೀನ್ ಆಗ್ತಿದೆ ಕಣೋ, ಪಕ್ಕದ್ಮನೆಗೆ ಹೋಗು."

ಸಂಜೆ ಅಡುಗೆಮನೆಯಲ್ಲಿ ಹುರಿದ ಕಡಲೆಬೀಜದ ಡಬ್ಬಿಯ ಮುಚ್ಚಳ ತೆರೆದೇ ಇತ್ತು. ಯಜಮಾನರದೇ ಕೆಲಸವೆಂದು ಗೊಣಗಿಕೊಂಡು ಮುಚ್ಚಿದೆ.

ಪರೀಕ್ಷೆ ಮುಗಿಸಿ ಬಂದ ಮಾವ ರಾಜಗಾಂಭೀರ್ಯದಿಂದ ಹಜಾರದಲ್ಲಿ ಕೂತು, ತುಂಬಿಸಿಕೊಂಡ ಗಾಳಿಯನ್ನು ಕಂತುಕಂತಾಗಿ ವಾಪಸು ಮಾಡತೊಡಗಿದರು. ಪ್ರತಿಯೊಂದಕ್ಕೂ ಯಜಮಾನರು ಎದ್ದು ಸೆಲ್ಯೂಟ್ ಹೊಡೆದರು. ನಾನು ನಕ್ಕೂ ನಕ್ಕೂ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಬೇರೆ ದಿನವಾಗಿದ್ದರೆ ಪುಟ್ಟಿ ನೆಲದ ಮೇಲೆ ಹೊರಳಾಡುತ್ತಿದ್ದಳು. ಅಂದು ಬಾಗಿಲ ಮರೆಯಲ್ಲಿ ನಿಂತು ತಾತನ ಹೊಟ್ಟೆಯನ್ನೇ ನೋಡುತ್ತಿದ್ದಳು. ಕರುಳು ಪೂರ್ತಿ ಖಾಲಿಯಿದ್ದರೇನೇ ಚಿತ್ರ ಸರಿಯಾಗಿ ಬರೋದಂತೆ ಎಂದು ಮಾವ ವಿವರಿಸುತ್ತಿದ್ದಾಗ ಅವಳ ಮುಖ ಸಣ್ಣದಾಯಿತು.

ಆಮೇಲೆ ನನ್ನ ಹಿಂದೆ ಮುಂದೆಯೇ ಸುಳಿದಾಟ. "ಅಮ್ಮಾ" ಎನ್ನುವಳು, ತಿರುಗಿದರೆ ನೀರು ಬೇಕು ಎನ್ನುವಳು. ಕುಡಿಯುವುದೂ ಇಲ್ಲ. ತಾತನ ಬಗ್ಗೆ ಹೆದರಿದ್ದಾಳೆ ಅಂದುಕೊಂಡೆ. ಕೆದಕಲಿಲ್ಲ. ಮಾತು ತಾನಾಗಿ ಬಾಯಿಗೆ ಬರಲಿ ಎಂದು ಪಾತ್ರೆ ತೊಳೆಯುತ್ತ, ಬಟ್ಟೆ ಮಡಿಸುತ್ತ, ಅವಳು ನಿಲ್ಲುವಷ್ಟು ಜಾಗ ಪಕ್ಕದಲ್ಲೇ ಬಿಟ್ಟುಕೊಂಡಿದ್ದೆ.

ಫೋನು ಬಂದೊಡನೆ ಮಾವನನ್ನು ಕರೆದುಕೊಂಡು ಮೂವರೂ ಸೆಂಟರಿಗೆ ಹೋದೆವು. ಅಲ್ಲಿನ ಡಾಕ್ಟರು ಕನ್ನಡಕದ ಹೆಂಗಸು, ನನ್ನ ವಯಸ್ಸಿನವರೇ. ಕಂಪ್ಯೂಟರಿನಲ್ಲಿ ಮಾವನ ಕರುಳು ಗುಲಾಬಿ ಬಣ್ಣದ ಸುರಂಗದಂತೆ ತೆರೆದುಕೊಂಡಿತು. ನಾವೇ ಒಳಗೆ ತೂರಿ ಹೋದಂತಾಯಿತು. ಮಾವ ಕುರ್ಚಿಯ ತುದಿಗೆ ಬಂದರು.

ಒಂದು ತಿರುವಿನಲ್ಲಿ ಚಿತ್ರ ನಿಂತಿತು. ಗೋಡೆಯ ಮೇಲೆ ಒಂದು ಉಬ್ಬು. ಮಾವನ ಅಣ್ಣನ ಮುಖ ಕಣ್ಣಮುಂದೆ ಬಂತು. ಪುಟ್ಟಿ ನನ್ನ ಕಿರುಬೆರಳು ಹಿಡಿದುಕೊಂಡಳು.

"ಇದು ಅಂಗಾತ ಮಲಗಿದ್ದಾಗ ತೆಗೆದಿದ್ದು," ಎಂದು ಡಾಕ್ಟರು ಇನ್ನೊಂದು ಚಿತ್ರ ತೆರೆದರು. "ಇದು ಬೋರಲು ಮಲಗಿದಾಗ. ಅದೇ ಜಾಗ. ನೋಡಿ, ಉಬ್ಬು ಇಲ್ಲಿಲ್ಲ, ಎದುರು ಗೋಡೆ ಮೇಲಿದೆ. ಗಂಟಾಗಿದ್ರೆ ಅಂಟ್ಕೊಂಡೇ ಇರ್ತಿತ್ತು. ಇದು ಉರುಳಿದೆ. ಏನೋ ತಿಂಡಿ ಚೂರು, ಅಷ್ಟೇ."

ಉಳಿದದ್ದೆಲ್ಲ ಸ್ವಚ್ಛ, ಐದು ವರ್ಷ ಬಿಟ್ಟು ಬಂದರೆ ಸಾಕು ಎಂದರು. ಮಾವ ಕಣ್ಣು ಒರೆಸಿಕೊಂಡು, ಸುರಂಗವನ್ನು ಮೊದಲಿನಿಂದ ಇನ್ನೊಮ್ಮೆ ತೋರಿಸಿ ಎಂದರು. ಪ್ರತಿ ತಿರುವಿನಲ್ಲೂ ತಲೆದೂಗಿದರು. "ಹಳೇ ಲೈನು, ಆದ್ರೂ ಫಿಟ್ಟಿಂಗ್ ಚೆನ್ನಾಗಿದೆ," ಎಂದರು. ಡಾಕ್ಟರು ನಕ್ಕುಬಿಟ್ಟರು.

"ಒಂದೇ ಒಂದು ಅನುಮಾನ. ಈ ಚೂರಿಗೆ ಔಷಧಿ ಬಿಳಿ ಹತ್ತಿಲ್ಲ. ಅಂದ್ರೆ ಔಷಧಿ ಕುಡಿದ ಮೇಲೆ ತಿಂದಿದ್ದೀರಿ. ಏನದು, ತಾತಾ?"

"ನಾನಾ? ಏನೂ ಇಲ್ಲಮ್ಮ," ಎಂದು ಮಾವ ಫ್ಯಾನು ನೋಡತೊಡಗಿದರು. ನಾನು ಅವರನ್ನು ನೋಡಿದೆ. ಅವರು ಫ್ಯಾನಿನಿಂದ ಕಣ್ಣು ಇಳಿಸಲೇ ಇಲ್ಲ. ಕೈ ಮಾತ್ರ ಮೆಲ್ಲಗೆ ಪುಟ್ಟಿಯ ತಲೆಯ ಮೇಲೆ ಬಂದು ಕೂತಿತು.

ಪುಟ್ಟಿ ನನ್ನ ಬೆರಳು ಬಿಟ್ಟಳು. ತಾತನ ಕೈ ಕೆಳಗಿನಿಂದ ನುಸುಳಿ, ಪರದೆಯ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ಆ ಉಬ್ಬಿನ ಮೇಲೆ ಬೆರಳಿಟ್ಟಳು.

"ಡಾಕ್ಟ್ರೇ, ಇದು ತಾತಂಗೆ ಹಸಿವು ಅಂತ ನಾನು ಕೊಟ್ಟ ಕಡಲೆಬೀಜಾನಾ?"