ಅತ್ತೆಯ ಮಣೆ

ಮೂರನೆಯ ಸಲ ಸ್ಕ್ರೂ ಕೈಜಾರಿ ಬಿತ್ತು. ನೀಲಗಂಗಾ ಬಗ್ಗಿ ಹುಡುಕಲಿಲ್ಲ, ಬಲಗೈ ಬೆರಳುಗಳನ್ನೇ ನೋಡುತ್ತ ನಿಂತಳು. ತಿಳಿನೀರಿನ ತಳದಲ್ಲಿ ಕಾಣುವ ಬೇರೆ ಯಾರದೋ ಬೆರಳುಗಳ ಹಾಗೆ ಅವು ಜೋಮು ಹಿಡಿದು ದೂರ ಇದ್ದವು. ಮುಂಬೈ ಪಕ್ಕದ ಡೊಂಬಿವಲಿಯ ಈ ಕಾರ್ಖಾನೆಯಲ್ಲಿ ಸ್ವಿಚ್ಚುಗಳಿಗೆ ಸ್ಕ್ರೂ ಬಿಗಿಯುತ್ತ ಆರು ವರ್ಷ ಕಳೆದಿತ್ತು. ಮೇಜು ಎತ್ತರ, ಅವಳು ಗಿಡ್ಡ. ಮೊಣಕೈ ಮೇಲೆತ್ತಿ, ಮಣಿಕಟ್ಟು ಬಗ್ಗಿಸಿಯೇ ದಿನ ದೂಡಬೇಕು.

"ಹಾತ್ ನಹೀ ಚಲ್ ರಹಾ ಕ್ಯಾ, ನೀಲಾತಾಯಿ?" ಸೂಪರ್‌ವೈಜರ್ ಸೋನಾಲಿ ಬಂದು ನಿಂತಳು. ಅವಳ ಹಿರಿಯರು ಧಾರವಾಡದವರು. ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದುದು ಮಾತ್ರ ಹಿಂದಿ.

"ಕೈ ನಡೀತೈತ್ರೀ, ಮೇಡಮ್."

"ಕಲ್ ತಕ್ ದೇಖ್ತೀ ಹೂಂ." ನಾಳೆಯೂ ಹೀಗೇ ಆದರೆ ಲೈನಿನಿಂದ ತೆಗೆಯುವುದೇ ಎಂದು ಕೈಸನ್ನೆ ಮಾಡಿ ಹೋದಳು.

ಮರುದಿನ ಬೆಳಿಗ್ಗೆ, ಮಣೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ಅತ್ತೆ, ಸೊಸೆ ರೊಟ್ಟಿ ತಟ್ಟುವ ಸದ್ದಿಗೆ ಕಿವಿಗೊಟ್ಟು ಕೇಳಿದಳು. "ಯಾಕವಾ, ರೊಟ್ಟಿ ತಾಳ ತಪ್ಪಾಕತ್ತೈತಿ?"

ನೀಲಗಂಗಾ ಎಲ್ಲ ಹೇಳಿದಳು. ಅತ್ತೆ ಕಪ್ಪು ಕೆಳಗಿಟ್ಟು ಎದ್ದು, ಮಣೆಯನ್ನು ಸೊಸೆಯ ಮುಂದೆ ಸರಿಸಿದಳು.

"ಮೇಜು ಕೆಳಗ ಇಳಿಯಂಗಿಲ್ಲಂದ್ರ ನೀನ ಮ್ಯಾಲ ಏರು."

"ಅಲ್ಲಿ ಬೂಟು ಬಿಚ್ಚಾಕ ಬಿಡಂಗಿಲ್ರೀ, ಅತ್ತಿ. ಉಣ್ಣೋ ಮಣಿ ಮ್ಯಾಲ ಬೂಟುಗಾಲು ಇಡ್ಲೇನು?"

"ನಿನ್ನ ಕೈ ಹೋತಂದ್ರ, ಇದರ ಮ್ಯಾಲ ಕುಂತು ನಾ ಮಣ್ಣು ತಿನ್ನಲೇನು?"

ಅಂದು ಕಾರ್ಖಾನೆಯಲ್ಲಿ, ಮೇಜಿನ ಮುಂದಿಟ್ಟ ಮಣೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಉಸಿರು ಹಿಡಿದು, ಬೂಟುಗಾಲಲ್ಲೇ ಹತ್ತಿದಳು. ಮೇಜು ತಾನಾಗಿ ಇಳಿದುಬಂದಂತಾಯಿತು. ಮೊಣಕೈ ಪಕ್ಕೆಗೆ ಬಂದು ಒರಗಿತು, ಮಣಿಕಟ್ಟು ನೇರವಾಯಿತು. ಯಂತ್ರಗಳ ಸದ್ದು ದೂರದ ಹೊಳೆಯ ಮೊರೆತದಂತಾಯಿತು. ಎಷ್ಟೋ ಹೊತ್ತಾದ ಮೇಲೆ ನೆನಪಾಯಿತು: ಇವತ್ತು ಒಂದು ಸ್ಕ್ರೂ ಕೂಡ ಬಿದ್ದಿಲ್ಲ.

"ಯೇ ತೋ ಖಾನೇ ಕಾ ಪಾಟ ಹೈ ನಾ?" ಊಟಕ್ಕೆ ಕೂರುವ ಮಣೆಯಲ್ಲವೇ ಇದು ಎನ್ನುತ್ತ ಸೋನಾಲಿ ಹಿಂದೆಯೇ ನಿಂತಿದ್ದಳು.

ನೀಲಗಂಗಾ ಇಳಿಯಹೋದಳು. ಸೋನಾಲಿ ಬೇಡವೆನ್ನುವಂತೆ ಕೈಯೆತ್ತಿದಳು. ಮಣೆಯನ್ನು ಅಲುಗಿಸಿ ನೋಡಿ ಹೊರಟುಹೋದವಳು ಒಂದು ರಬ್ಬರ್ ಹಾಳೆ ತಂದು, ತಾನೇ ಕುಕ್ಕರಿಸಿ ಅದನ್ನು ಮಣೆಯ ಕೆಳಗೆ ತೂರಿಸಿದಳು.

"ಜಾರತೈತಿ," ಎಂದಳು, ತಲೆಯೆತ್ತದೆ.

ಮಣೆ ಕಾರ್ಖಾನೆಯಲ್ಲೇ ಉಳಿಯಿತು. ತಿಂಗಳ ಮೇಲೊಂದು ಸಂಜೆ, ರೊಟ್ಟಿ ತಟ್ಟುವಾಗ ಹಿಟ್ಟಿನ ಬಿಸಿ ಹೆಬ್ಬೆರಳ ತುದಿಗೆ ಚುರ್ ಎಂದು ತಾಗಿತು. ನೀಲಗಂಗಾ ಕೈ ನಿಲ್ಲಿಸಿ ಮತ್ತೊಮ್ಮೆ ಮುಟ್ಟಿ ನೋಡಿ, ತಟ್ಟತೊಡಗಿದಳು. ಬರಿ ನೆಲದ ಮೇಲೆ, ತಾಟಿನ ಮುಂದೆ ಕುಳಿತಿದ್ದ ಅತ್ತೆ ಕಣ್ಣು ಮುಚ್ಚಿ, ಒಂದೇ ಬೆರಳಿನಿಂದ ನೆಲಕ್ಕೆ ತಾಳ ಹಾಕುತ್ತಿದ್ದಳು.